ಎಲ್ಮ್ ಬೆಂಡಿನ ಕಡೆಯ ಟ್ರಾಮು

ಹೂರಣ ತುಸು ಹೆಚ್ಚಾಗಿತ್ತು. ತೆಕ್ಲಾ ಅರ್ಧ ಚಮಚದಷ್ಟು ತೆಗೆದು ಬೋಗುಣಿಗೆ ಮರಳಿ ಹಾಕಿ, ಹಿಟ್ಟಿನ ಬಿಲ್ಲೆಯನ್ನು ಮಡಚಿ, ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಳು. ಬೆಳಗಿನ ಏಳಕ್ಕೆ ಶುರು ಮಾಡಿದ್ದು, ಈಗ ಒಂಬತ್ತೂವರೆ. ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಪ್ರತಿ ಗುರುವಾರವೂ ಇದೇ ಕೆಲಸ. ಇಗರ್ಜಿಯ ನೆಲಮಾಳಿಗೆಯಲ್ಲಿ ಉದ್ದುದ್ದ ಮೇಜುಗಳು, ಹಿಟ್ಟು ಉದುರಿಸಿದ ಬಿಳಿ ಬಟ್ಟೆ, ಸುತ್ತ ಹೆಂಗಸರು. ಶುಕ್ರವಾರ ಮಧ್ಯಾಹ್ನ ಕಾಲ್ಡರ್ಸ್‌ಬರ್ಗಿನ ಅರ್ಧ ಊರು ಬಂದು, ಬೇಯಿಸಿದ ಈ ಪಿರೋಹಿ ಕಡುಬುಗಳನ್ನು ಈರುಳ್ಳಿ ಒಗ್ಗರಣೆಯ ಜೊತೆ ಕಟ್ಟಿಸಿಕೊಂಡು ಹೋಗುತ್ತದೆ.

"ಅದರ ಬಾಯಿ ಬಿಟ್ಟಿದೆ," ಎಂದಳು ಎದುರಿಗೆ ಕೂತಿದ್ದ ವೆರೋನಾ, ತಲೆ ಎತ್ತದೆ.

ತೆಕ್ಲಾ ನೋಡಿದಳು. ಬಿಟ್ಟಿತ್ತು, ಕೂದಲೆಳೆಯಷ್ಟು. ಮತ್ತೆ ಒತ್ತಿದಳು.

ವೆರೋನಾ ತೆಕ್ಲಾಳ ತಾಯಿಯ ತಂಗಿ. ಎಪ್ಪತ್ತಮೂರು ವರ್ಷ, ಮದುವೆಯಾದವಳಲ್ಲ. ಚಿಕ್ಕಮ್ಮನಾಗಿದ್ದದ್ದು ತೆಕ್ಲಾ ಒಬ್ಬಳಿಗೇ ಆದರೂ ಇಗರ್ಜಿಯ ಕಿರಿಯರೆಲ್ಲ ಅವಳನ್ನು ತೇತಾ ಎಂದೇ ಕರೆಯುತ್ತಿದ್ದರು. ರುಸಿನರಾದ ಅವರ ಹಿಂದಿನವರು ಕಾರ್ಪೇಥಿಯನ್ ಬೆಟ್ಟಗಳಿಂದ ಗಣಿ, ಉಕ್ಕು ಎಂದು ಪೆನ್ಸಿಲ್ವೇನಿಯಾಕ್ಕೆ ಬಂದಾಗ ಜೊತೆಗೆ ತಂದ ಮಾತುಗಳಲ್ಲಿ ಈಗ ಉಳಿದಿದ್ದದ್ದು ಹತ್ತಿಪ್ಪತ್ತು. ತೇತಾ ಅವುಗಳಲ್ಲಿ ಒಂದು. ವೆರೋನಾ ಶರ್ಟಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಹೊಲಿಗೆ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬಿಟ್ಟುಹೋದ ಒಂದು ಹೊಲಿಗೆಯೂ ಅವಳ ಕಣ್ಣು ತಪ್ಪಿಸಿ ಪೆಟ್ಟಿಗೆ ಸೇರಿದ್ದಿಲ್ಲ ಎಂದು ಅವಳ ಜೊತೆಯವರು ಹೇಳುತ್ತಿದ್ದರು. ಅದನ್ನು ಹೊಗಳಿಕೆಯಾಗಿ ಹೇಳುತ್ತಿದ್ದರೆಂದೇನಲ್ಲ.

"ಬಾಯಿ ಬಿಟ್ಟದ್ದನ್ನ ಎಮಿಲನ ತಟ್ಟೆಗೆ ಹಾಕಿದ್ರಾಯ್ತು," ಎಂದಳು ಪಕ್ಕದ ಓಲ್ಗಾ ಕುಂದ್ರಾತ್. "ಈಗ ತೆಕ್ಲಾ ಕಲ್ಲು ಬೇಯಿಸಿ ಹಾಕಿದ್ರೂ ಅವನು ಉಪ್ಪು ಸರಿಯಾಗಿದೆ ಅಂತಾನೆ."

ಮೇಜಿನ ಸುತ್ತ ನಗೆ ಹರಿಯಿತು. ತೆಕ್ಲಾಳೂ ನಕ್ಕಳು. ನಗದೆ ಇದ್ದರೆ ಯಾಕೆಂದು ಕೇಳುತ್ತಾರೆ.

ಎಮಿಲ್ ಸಾಬೊಲ್ ಇಗರ್ಜಿಯಲ್ಲಿ ಪ್ರಾರ್ಥನೆಗಳನ್ನು ಮುಂದೆ ನಿಂತು ಹಾಡಿಸುವವನು. ಅರವತ್ತೊಂದು ವರ್ಷ, ಹೆಂಡತಿ ತೀರಿಕೊಂಡು ಆರು ವರ್ಷ. ತೆಕ್ಲಾಳ ಗಂಡ ಆಂಡ್ರೂ ತೀರಿಕೊಂಡು ನಾಲ್ಕು. ಕಳೆದ ಶರತ್ಕಾಲದಲ್ಲಿ ಅವಳ ಅಡಿಗೆಮನೆಯ ನಲ್ಲಿ ರಿಪೇರಿ ಮಾಡಿ ಕೈ ಒರೆಸಿಕೊಳ್ಳುತ್ತ ಎಮಿಲ್, "ಈಸ್ಟರ್ ಆದ್ಮೇಲೆ ಮದುವೆ ಮಾಡ್ಕೊಂಡ್ಬಿಡೋಣ್ವಾ ತೆಕ್ಲಾ?" ಎಂದಿದ್ದ. ಅವಳು "ನೋಡೋಣ" ಎಂದಿದ್ದಳು. ಆ ಮಾತು ಅಡಿಗೆಮನೆಯಿಂದ ಇಗರ್ಜಿಗೆ ಹೋಗುವಷ್ಟರಲ್ಲಿ "ಹೂಂ" ಆಗಿತ್ತು. ಯಾರು ಹಾಗೆ ಮಾಡಿದರು ಎಂದು ಹುಡುಕಲು ಅವಳು ಹೋಗಲಿಲ್ಲ. ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ದನಿ ಏರಿಸುವುದಿಲ್ಲ, ಸತ್ತ ಹೆಂಡತಿಯ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಬೇಡ ಎನ್ನಲು ಏನೂ ಇರಲಿಲ್ಲ. ಅದೇ ಅವಳಿಗೆ ಬಂದೊದಗಿದ ಕಷ್ಟ.

"ಪುಸ್ತಕ ಎಲ್ಲಿಗೆ ಬಂತು?" ಓಲ್ಗಾ ಕೇಳಿದಳು.

ಜೂನಿನಲ್ಲಿ ಇಗರ್ಜಿಗೆ ಎಪ್ಪತ್ತೈದು ವರ್ಷ ತುಂಬುತ್ತಿತ್ತು. ಆ ನೆನಪಿಗೆ ಒಂದು ಪುಸ್ತಕ. ಶಾಲೆಯ ಕಚೇರಿಯಲ್ಲಿ ಟೈಪ್ ಮಾಡುವವಳು ಎಂಬ ಕಾರಣಕ್ಕೆ ಅದು ತೆಕ್ಲಾಳ ತಲೆಗೆ ಬಂದಿತ್ತು.

"ಕುಟುಂಬಗಳ ಪಟ್ಟಿ ಬಾಕಿ. ಪಾರ್ಕಿನ ಪುಟಗಳು ಬಾಕಿ."

"ಪಟ್ಟೀಲಿ ನಿಂದೂ ಎಮಿಲಂದೂ ಒಟ್ಟಿಗೇ ಹಾಕ್ಬಿಡು. ಪುಸ್ತಕ ಬರೋ ಹೊತ್ತಿಗೆ ಮದುವೆ ಆಗಿರತ್ತೆ. ಇಲ್ದಿದ್ರೆ ಮುಂದಿನ ಪುಸ್ತಕದವರೆಗೂ ಎಪ್ಪತ್ತೈದು ವರ್ಷ ತಪ್ಪು ಹೆಸರಲ್ಲಿ ಕೂತಿರ್ತೀಯ." ಓಲ್ಗಾ ಬಿಲ್ಲೆ ಕತ್ತರಿಸುವ ಲೋಟವನ್ನು ಹಿಟ್ಟಿನಲ್ಲಿ ಅದ್ದಿದಳು. "ಪಾರ್ಕಿನ ಪುಟಕ್ಕೆ ವೆರೋನಾ ಕತೆ ಹಾಕ್ಲೇಬೇಕು ಕಣೇ. ಬರೀ ಇಸವಿ ಬರೆದ್ರೆ ಯಾರು ಓದ್ತಾರೆ?"

"ಯಾವ ಕತೆ?" ಎಂದಳು ವೆರೋನಾ, ಗೊತ್ತಿಲ್ಲದವಳ ಹಾಗೆ.

"ನೀನು ಟ್ರಾಮ್ ತಪ್ಪಿಸ್ಕೊಂಡೆ, ನಾನು ಹತ್ತಿದೆ. ಅದೇ ಕತೆ."

ನಲವತ್ತು ವರ್ಷಗಳಿಂದ ಓಲ್ಗಾ ಇದನ್ನು ಹೇಳುತ್ತ ಬಂದಿದ್ದಳು. ಈಗಲೂ ಎಲ್ಲರೂ ನಕ್ಕರು.

"ಹತ್ತಿ ಎಲ್ಲಿಗೆ ಹೋದೆ?" ಎಂದಳು ವೆರೋನಾ.

"ಎಲ್ಲಿಗೆ ಹೋಗೋದು? ಮೈಕ್ ಕುಂದ್ರಾತನ ಮನೆಗೆ. ಅಲ್ಲಿಂದ ಮುಂದಕ್ಕೆ ಹಳಿ ಇರ್ಲಿಲ್ಲ."

ಈ ಸಲ ನಗೆ ಜೋರಾಗಿತ್ತು. ವೆರೋನಾ ಕೂಡ ತುಟಿಯ ಒಂದು ತುದಿಯಲ್ಲಿ ನಕ್ಕಳು. ಅವಳ ತಟ್ಟೆಯಲ್ಲಿ ಪಿರೋಹಿಗಳು ಒಂದೇ ಅಳತೆಗೆ, ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿದ್ದವು.

*

ಪಾರ್ಕಿನ ಪುಟಗಳಿಗೆ ಬೇಕಾದದ್ದನ್ನೆಲ್ಲ ತೆಕ್ಲಾ ಹೆಚ್ಚುಕಡಿಮೆ ಕೂಡಿಸಿದ್ದಳು.

ಎಲ್ಮ್ ಬೆಂಡ್ ಪಾರ್ಕನ್ನು ಟ್ರಾಮ್ ಕಂಪನಿಯವರು ಕಟ್ಟಿದ್ದು ಜನರ ಮೇಲಿನ ಪ್ರೀತಿಯಿಂದಲ್ಲ. ವಾರದ ಆರು ದಿನ ಗಾಡಿಗಳು ಉಕ್ಕಿನ ಕಾರ್ಖಾನೆಯ ಜನರಿಂದ ತುಂಬಿರುತ್ತಿದ್ದವು, ಭಾನುವಾರ ಖಾಲಿ ಓಡುತ್ತಿದ್ದವು. ಖಾಲಿ ಓಡಿದರೂ ವಿದ್ಯುತ್ತು ಉರಿಯುತ್ತದೆ. ಅದಕ್ಕೆ ೧೯೦೨ರಲ್ಲಿ, ಹಳಿ ಮುಗಿಯುವ ಕಡೆ, ಊರಿನಿಂದ ಏಳು ಮೈಲಿಯಾಚೆ ನದಿ ತಿರುಗುವ ತಗ್ಗಿನಲ್ಲಿ, ಒಂದು ತೋಪು ಕೊಂಡು ಮೇಜು ಬೆಂಚು ಹಾಕಿದರು. ಮೊದಲು ದೋಣಿಗಳು ಬಂದವು. ಆಮೇಲೆ ಕುಣಿತದ ಅಟ್ಟ, ತಿರುಗುವ ಮರದ ಕುದುರೆಗಳು, ಮೊದಲ ಯುದ್ಧ ಮುಗಿದ ಮೇಲೆ ಒಂದು ರೋಲರ್ ಕೋಸ್ಟರ್, ಕೊನೆಗೆ ಈಜುಕೊಳ. ಬರುಬರುತ್ತ ಬೇಸಗೆಯ ಪ್ರತಿದಿನವೂ ಯಾರದೋ ದಿನವಾಯಿತು: ಕಾರ್ಖಾನೆಗಳ ದಿನ, ಐರಿಷರ ದಿನ, ಪೋಲಿಷರ ದಿನ, ಜುಲೈ ತಿಂಗಳ ಎರಡನೆಯ ಗುರುವಾರ ರುಸಿನರ ದಿನ. ಕರಿಯರ ಇಗರ್ಜಿಗಳಿಗೆ ಒಂದೇ ದಿನ, ಸೆಪ್ಟೆಂಬರಿನಲ್ಲಿ ಹಂಗಾಮು ಮುಗಿದ ಮೇಲಿನ ಸೋಮವಾರ. ಅಷ್ಟು ಹೊತ್ತಿಗೆ ಈಜುಕೊಳದ ನೀರು ಖಾಲಿ ಮಾಡಿರುತ್ತಿದ್ದರು.

ಅವಳ ಕರಡಿನಲ್ಲಿ ಆ ಕೊನೆಯ ಎರಡು ಸಾಲು ನೋಡಿ, "ಇದ್ಯಾಕೆ ನಮ್ಮ ಪುಸ್ತಕದಲ್ಲಿ?" ಎಂದು ಓಲ್ಗಾ ಕೇಳಿದ್ದಳು. "ನಾವೇನು ಖಾಲಿ ಮಾಡಿಸಿದ್ವಾ?"

"ನಾವು ಈಜಿದ್ವಲ್ಲ," ಎಂದು ತೆಕ್ಲಾ ಆ ಸಾಲುಗಳನ್ನು ಹಾಗೇ ಬಿಟ್ಟಿದ್ದಳು.

ರುಸಿನರ ದಿನಕ್ಕೆ ಒಂದು ಕಟ್ಟಳೆಯಿತ್ತು. ಬೆಳಗಿನ ಆರರ ಮೊದಲ ಗಾಡಿಯಲ್ಲಿ ಪ್ರತಿ ಮನೆಯಿಂದ ಒಬ್ಬ ಹೆಂಗಸು ಕಸೂತಿ ಹಾಕಿದ ಮೇಜುಬಟ್ಟೆ ಹಿಡಿದು ಹೋಗುವಳು. ತೋಪಿನಲ್ಲಿ ಬೇಕಾದ ಮೇಜಿಗೆ ಅದನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರೆ ಮುಗಿಯಿತು, ಆ ಮೇಜು ಆ ದಿನವೆಲ್ಲ ಆ ಮನೆಯದು. ಕಾವಲಿಗೆ ಯಾರೂ ಬೇಡ. ಜಗಳ ಆಡುವವರೂ ಇನ್ನೊಬ್ಬರ ಬಟ್ಟೆ ಮುಟ್ಟುತ್ತಿರಲಿಲ್ಲ. ಸಂಜೆ, ಹಾಸಿದ ಕೈಯೇ ಅದನ್ನು ಮಡಚಬೇಕು. ಬಟ್ಟೆ ಬಿಟ್ಟು ಬಂದವಳೆಂದರೆ ಮನೆಬಾಗಿಲು ತೆರೆದಿಟ್ಟು ಊರಿಗೆ ಹೋದವಳಿದ್ದಂತೆ.

೧೯೩೮ರ ರುಸಿನರ ದಿನ ಬಟ್ಟೆ ಹಾಸಿದವಳು ವೆರೋನಾ. ಆಗ ಇಪ್ಪತ್ತನಾಲ್ಕು ವರ್ಷ, ಸೆಪ್ಟೆಂಬರಿಗೆ ಮೈಕ್ ಕುಂದ್ರಾತನ ಜೊತೆ ಮದುವೆ ಗೊತ್ತಾಗಿತ್ತು. ಏಳು ವರ್ಷದ ತೆಕ್ಲಾ ಅಂದು ಅಮ್ಮನ ತೊಡೆಯ ಮೇಲೆ, ತೊಳೆಯದ ಪಾತ್ರೆಗಳ ಬುಟ್ಟಿಗೆ ಕಾಲು ತಾಗಿಸಿಕೊಂಡು, ಗಾಡಿಯಲ್ಲಿ ಕೂತಿದ್ದಳು. ಇಗರ್ಜಿ ಗೊತ್ತುಮಾಡಿದ ಮೂರು ಗಾಡಿಗಳಲ್ಲಿ ಅದೇ ಕಡೆಯದು, ರಾತ್ರಿ ಒಂಬತ್ತಕ್ಕೆ ಹೊರಡುವಂಥದ್ದು. ಮೈಕ್ ತನ್ನ ಪಕ್ಕದ ಜಾಗದಲ್ಲಿ ಟೊಪ್ಪಿ ಇಟ್ಟುಕೊಂಡಿದ್ದ. ಇನ್ನೇನು ಹೊರಡಬೇಕು ಎನ್ನುವಾಗ ವೆರೋನಾ, "ಬಟ್ಟೆ ಬಿಟ್ಟುಬಂದೆ," ಎಂದು ಇಳಿದು ತೋಪಿನ ಕಡೆ ಹೋದಳು. ಚಾಲಕ ಗಂಟೆ ಬಾರಿಸಿದ. ಮತ್ತೆ ಬಾರಿಸಿದ. ಮೂರನೆಯ ಸಲ ಬಾರಿಸಿ ಹೊರಟ.

ಮೈಕ್ ಇಳಿದು ಕಾಯಬಹುದಿತ್ತು. ಬೆಳಿಗ್ಗೆ ಆರಕ್ಕೆ ಅವನ ಪಾಳಿ ಇತ್ತು.

ವೆರೋನಾ ಊರಿಗೆ ಬಂದದ್ದು ಮರುದಿನ ಬೆಳಿಗ್ಗೆ, ಹಳಿಯ ಗುಂಟ ನಡೆದು, ತೋಳಿನ ಮೇಲೆ ಮಡಚಿದ ಬಟ್ಟೆ ಹಾಕಿಕೊಂಡು. ಕಾರ್ಖಾನೆಗೆ ಹೊರಟವರೆಲ್ಲ ನೋಡಿದರು. ಏಳು ಮೈಲಿಗೆ ಒಂಬತ್ತು ಗಂಟೆ ಹಿಡಿಯುವುದಿಲ್ಲ ಎಂದು ಮೊದಲು ಲೆಕ್ಕ ಹಾಕಿದವಳು ಮೈಕನ ತಾಯಿ. ಕುಣಿತದ ಅಟ್ಟದ ವಾದ್ಯದವರ ಹೆಸರು ಬಂತು, ಕುದುರೆ ತಿರುಗಿಸುವವನ ಹೆಸರು ಬಂತು. ಆಗಸ್ಟಿನಲ್ಲಿ ಮದುವೆ ಮುರಿಯಿತು. ಎರಡು ವರ್ಷದ ಮೇಲೆ ಓಲ್ಗಾ ಮೈಕನನ್ನು ಮದುವೆಯಾದಳು. ಕಾಲ ಕಳೆದ ಹಾಗೆ ಕತೆಯ ಕೊಳೆ ಇಳಿದು, ಉಳಿದದ್ದು ಒಂದು ತಮಾಷೆ ಮತ್ತು ಸ್ವಲ್ಪ ಕನಿಕರ: ಪಾಪ, ಒಂದು ಮೇಜುಬಟ್ಟೆಗಾಗಿ.

ಪಾರ್ಕು ಅದಾದ ಮೇಲೆ ಹದಿಮೂರು ವರ್ಷ ನಡೆಯಿತು. ಜನ ಕಾರು ಕೊಂಡರು, ಟ್ರಾಮು ನಿಂತಿತು. ಟ್ರಾಮಿನ ಬಾಲದಂತಿದ್ದ ಪಾರ್ಕು ಮರುವರ್ಷ ಬಾಗಿಲು ಹಾಕಿತು. ಕುದುರೆಗಳನ್ನು ಒಂದೊಂದಾಗಿ ಹರಾಜು ಹಾಕಿದರು. ರೋಲರ್ ಕೋಸ್ಟರಿನ ಮರ ಎರಡು ಚಳಿಗಾಲ ಊರಿನ ಒಲೆಗಳಲ್ಲಿ ಉರಿಯಿತು.

*

ಗುರುವಾರ ಮಧ್ಯಾಹ್ನ ಕೈಯ ಹಿಟ್ಟು ತೊಳೆದುಕೊಂಡು ತೆಕ್ಲಾ ಹೇಝೆಲ್ ಪ್ರಿಚರ್ಡಳ ಮನೆಗೆ ಹೋದಳು. ಹೇಝೆಲಳ ತಂದೆ ಆ ಮಾರ್ಗದಲ್ಲಿ ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವನು. ಅವನ ಕಾಗದಗಳಿದ್ದ ರಟ್ಟಿನ ಪೆಟ್ಟಿಗೆಯನ್ನು ಹೇಝೆಲ್ ಹೊರಬಾಗಿಲಲ್ಲೇ ಕೊಟ್ಟಳು.

"ವಾಪಸ್ ತರ್ಬೇಡಮ್ಮ. ಇಲಿಗೆ ಹಾಕೋ ಬದ್ಲು ನಿಂಗೆ ಹಾಕ್ತಿದೀನಿ."

ಪೆಟ್ಟಿಗೆಯಲ್ಲಿ ದಿನದಿನದ ವರದಿಯ ಹಾಳೆಗಳಿದ್ದವು. ಗಾಡಿ ಎರಡು ನಿಮಿಷ ತಡವಾದರೂ ಚಾಲಕ ಕಾರಣ ಬರೆಯಬೇಕೆಂಬುದು ಕಂಪನಿಯ ನಿಯಮ. ಹಳಿ ಮೇಲೆ ಹಸು. ಕುಡಿದವನು ಇಳಿಯಲಿಲ್ಲ. ಮಂಜು. ತೆಕ್ಲಾ ಅಡಿಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ತಿರುವುತ್ತ ಹೋದಳು, ತಾನು ಹುಡುಕುತ್ತಿಲ್ಲ ಎಂದುಕೊಂಡೇ ಹುಡುಕಿದಳು. ೧೯೩೮, ಜುಲೈ ೧೪. ರುಸಿನರ ವಿಶೇಷ ಗಾಡಿ, ೯.೦೦ಕ್ಕೆ ಬದಲು ೯.೦೩: ಪ್ರಯಾಣಿಕರೊಬ್ಬರು ಮರೆತ ವಸ್ತು ತರಲು ಹೋದರು, ಬರಲಿಲ್ಲ. ಅದು ಬೇರೊಬ್ಬ ಚಾಲಕನ ಗಾಡಿ, ಅವನು ಹೇಳಿದ್ದನ್ನು ಕೇಳಿ ಬರೆದದ್ದು. ಕೆಳಗೆ ಹೇಝೆಲಳ ತಂದೆಯದೇ ಗಾಡಿಯ ವಿವರ:

"೯.೫೦. ಪಾರ್ಕಿನ ಕೆಲಸದವರ ಗಾಡಿ. ಹನ್ನೊಂದು ಜನ. ತೋಪಿನ ನಿಲ್ದಾಣದಲ್ಲಿ ಒಬ್ಬ ಹೆಂಗಸು, ತೋಳಿನ ಮೇಲೆ ಮಡಚಿದ ಬಟ್ಟೆ. ನಿಲ್ಲಿಸಿ ಹತ್ತಲು ಹೇಳಿದೆ. ಬೇಡವೆಂದರು. ಇದಾದ ಮೇಲೆ ಗಾಡಿಯಿಲ್ಲವೆಂದು ತಿಳಿಸಿದೆ. ಗೊತ್ತಿದೆ ಎಂದರು. ೯.೫೨ಕ್ಕೆ ಹೊರಟೆವು."

ತೆಕ್ಲಾ ಎದ್ದು ನೀರು ಕುಡಿದಳು. ಮತ್ತೆ ಕೂತು ಓದಿದಳು.

ಕೆಲಸದವರ ಗಾಡಿಯೊಂದು ಇತ್ತೆಂಬುದು ಇಗರ್ಜಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಚ್ಚಾದ ವೇಳಾಪಟ್ಟಿಯಲ್ಲಿ ಅದು ಇರಲಿಲ್ಲ. ತಾವು ಗೊತ್ತುಮಾಡಿದ ಮೂರನೆಯ ಗಾಡಿ ಹೋದರೆ ಪಾರ್ಕು ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು. ತಾವು ಮನೆಗೆ ಹೋದ ಮೇಲೆ ವಾದ್ಯದವರೂ ಕುದುರೆಯವನೂ ಟಿಕೆಟ್ ಹುಡುಗಿಯರೂ ಮನೆಗೆ ಹೋಗಬೇಕಲ್ಲ ಎಂದು ನಲವತ್ತೊಂಬತ್ತು ವರ್ಷದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅಂದು ರಾತ್ರಿ ಯಾರ ಯಾರ ಹೆಸರನ್ನು ವೆರೋನಾಳಿಗೆ ತಗುಲಿಸಿದ್ದರೋ ಅವರೆಲ್ಲ ಆ ಹನ್ನೊಂದು ಜನರಲ್ಲಿ ಕೂತು ಊರಿಗೆ ಬಂದಿದ್ದರು.

ಅವಳೊಬ್ಬಳೇ ಹತ್ತಿರಲಿಲ್ಲ. ಹತ್ತು ಎಂದಾಗಲೂ ಹತ್ತಿರಲಿಲ್ಲ.

*

ಶನಿವಾರ ಎಮಿಲ್ ಅಳತೆಪಟ್ಟಿ ಹಿಡಿದು ಬಂದ. ಅವಳ ಮನೆ ಮಾರಿ ಅವನ ಮನೆಯಲ್ಲಿರುವುದೆಂದು ತಾನಾಗಿ ತೀರ್ಮಾನವಾಗಿತ್ತು. ಅವನ ಮನೆಯ ಛಾವಣಿ ಹೊಸದು. ಮಲಗುವ ಕೋಣೆಯ ಕಪಾಟನ್ನು ಗೋಡೆಯಿಂದ ಮುಂದಕ್ಕೆ ಎಳೆದು, ಹಿಂದೆ ಮುಂದೆ ಅಳೆದು, ಅಂಗೈ ಮೇಲೆ ಬರೆದುಕೊಂಡ.

"ಕಪಾಟು ಹಿಡಿಸತ್ತೆ. ಮೇಲಿನ ಕನ್ನಡಿ ಬಿಚ್ಬೇಕಾಗತ್ತೆ ಅಷ್ಟೆ. ಕಿಟಕಿಗೆ ಅಡ್ಡ ಬರತ್ತೆ."

"ಕನ್ನಡಿ ಇಲ್ದೆ ಹೇಗೆ?"

"ಬಚ್ಚಲಲ್ಲಿ ಒಂದಿದೆಯಲ್ಲ. ಇಬ್ಬರಿಗೆ ಎಷ್ಟು ಕನ್ನಡಿ ಬೇಕು, ಈ ವಯಸ್ಸಲ್ಲಿ? ನಂಗಂತೂ ನೋಡ್ಕೊಳ್ಳೋಕೆ ಏನೂ ಉಳಿದಿಲ್ಲ." ಅವನು ತಲೆ ಸವರಿಕೊಂಡು ನಕ್ಕ. ಅವನ ನಗೆ ಒಳ್ಳೆಯದಿತ್ತು. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು, ಹಿಂಬಾಗಿಲ ಮೆಟ್ಟಿಲಿನ ಸಡಿಲ ಹಲಗೆಗೆ ಎರಡು ಮೊಳೆ ಹೊಡೆದು ಹೋದ. ಕಪಾಟನ್ನು ಗೋಡೆಗೆ ತಳ್ಳುವುದು ಮರೆತಿದ್ದ.

ತೆಕ್ಲಾ ಹಾಸಿಗೆಯ ಅಂಚಿಗೆ ಕೂತು, ಕಪಾಟಿನ ಹಿಂದಿನ ಧೂಳನ್ನು ನೋಡಿದಳು.

ಆಂಡ್ರೂ ಜೊತೆಗಿನ ಇಪ್ಪತ್ತೇಳು ವರ್ಷದ ಬಗ್ಗೆ ಅವಳಿಗೆ ದೂರೇನೂ ಇರಲಿಲ್ಲ. ಅವನು ಸತ್ತ ಮೊದಲ ವರ್ಷ ಮನೆಯಲ್ಲಿ ಎಲ್ಲಿ ಕೂರಬೇಕೆಂದು ಗೊತ್ತಾಗುತ್ತಿರಲಿಲ್ಲ. ಎರಡನೆಯ ವರ್ಷ ರೇಡಿಯೊ ಹಾಕಿಕೊಂಡೇ ಮಲಗುತ್ತಿದ್ದಳು. ಮೂರನೆಯ ವರ್ಷ ಯಾವಾಗಲೋ ಒಂದು ದಿನ, ಸಿಂಕಿನ ಬಳಿ ನಿಂತು, ಕಿಟಕಿಯ ಆಚೆ ನೋಡುತ್ತ, ಬಾಣಲಿಯಿಂದಲೇ ಮೊಟ್ಟೆ ತಿನ್ನುತ್ತಿದ್ದಾಗ, ತನಗೆ ಇದು ಹಿಡಿಸಿದೆ ಎಂದು ಗೊತ್ತಾಯಿತು. ಗೊತ್ತಾದ ಕೂಡಲೇ ಬಾಣಲಿ ಕೆಳಗಿಟ್ಟು, ಮೊಟ್ಟೆಯನ್ನು ತಟ್ಟೆಗೆ ಹಾಕಿಕೊಂಡು, ಮೇಜಿಗೆ ಹೋಗಿ ಕೂತಿದ್ದಳು, ಯಾರಾದರೂ ನೋಡಿಯಾರು ಎಂಬಂತೆ. ಹಾಸಿಗೆಯಲ್ಲಿ ಮೂಲೆಯಿಂದ ಮೂಲೆಗೆ ಅಡ್ಡ ಮಲಗುವುದನ್ನೂ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಮಾತೇ ಅದು? ಒಬ್ಬ ಒಳ್ಳೆಯ ಮನುಷ್ಯನನ್ನು ಬೇಡ ಎನ್ನಲು ಅದೊಂದು ಕಾರಣವೇ?

*

ಭಾನುವಾರ ಪೂಜೆ ಮುಗಿದ ಮೇಲೆ ವೆರೋನಾಳನ್ನು ಮನೆಗೆ ಬಿಡುವುದು ತೆಕ್ಲಾಳ ಕೆಲಸ. ದಾರಿಯಲ್ಲಿ ನದಿ ತಿರುವಿನ ದೊಡ್ಡ ಅಂಗಡಿಯಲ್ಲಿ ಹಕ್ಕಿಗಳಿಗೆ ಹಾಕುವ ಕಾಳು ಕೊಳ್ಳುತ್ತಾರೆ. ಎಲ್ಮ್ ಬೆಂಡ್ ಪಾರ್ಕು ಇದ್ದದ್ದು ಅಲ್ಲೇ. ಅಂಗಡಿಯ ಹಿಂದಿನ ಇಳಿಜಾರಿನಲ್ಲಿ, ಮುಳ್ಳುಪೊದೆಗಳ ನಡುವೆ, ರೋಲರ್ ಕೋಸ್ಟರಿನ ಸಿಮೆಂಟಿನ ಬುಡಗಳು ಎರಡು ಸಾಲು ಉಳಿದಿವೆ. ಉಳಿದದ್ದೆಲ್ಲ ಕಾರು ನಿಲ್ಲಿಸುವ ಬಯಲು.

ಕಾಳಿನ ಚೀಲ ಹಿಂದಿನ ಸೀಟಿಗೆ ಹಾಕಿ ತೆಕ್ಲಾ ಒಳಗೆ ಕೂತಳು. ಕಾರು ಚಾಲೂ ಮಾಡಲಿಲ್ಲ. ಕೈಚೀಲದಿಂದ ಹಾಳೆ ತೆಗೆದು ಚಿಕ್ಕಮ್ಮನಿಗೆ ಕೊಟ್ಟಳು.

ವೆರೋನಾ ಕನ್ನಡಕ ಹುಡುಕಿ ಹಾಕಿಕೊಂಡಳು. ನಿಧಾನವಾಗಿ ಓದಿದಳು, ಹೊಲಿಗೆ ನೋಡುವವಳ ಹಾಗೆ. ಹಾಳೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು.

"ಅಕ್ಷರ ಚೆನ್ನಾಗಿದೆ," ಎಂದಳು.

"ಇನ್ನೊಂದು ಗಾಡಿ ಇತ್ತು."

"ಇತ್ತು."

"ನಿಂಗೆ ಮುಂಚೇನೇ ಗೊತ್ತಿತ್ತಾ?"

"ನನ್ನ ಜೊತೆ ಕಾರ್ಖಾನೇಲಿ ಒಬ್ಳು ಇದ್ಲು, ಬೇಸಿಗೇಲಿ ಇಲ್ಲಿ ಟಿಕೆಟ್ ಹರೀತಿದ್ಲು. ಹತ್ತಕ್ಕೆ ಹತ್ತು ನಿಮಿಷ ಇರೋವಾಗ ಅಂತ ಅವ್ಳೇ ಹೇಳಿದ್ಲು." ವೆರೋನಾ ಕಿಟಕಿಯ ಆಚೆ ಬೆರಳು ತೋರಿಸಿದಳು. "ನಮ್ಮ ಮೇಜು ಇದ್ದದ್ದು ಅಲ್ಲಿ. ಆ ಸಾಮಾನಿನ ಗಾಡಿಗಳನ್ನ ಒಂದರ ಹಿಂದೆ ಒಂದು ತುರುಕಿದಾರಲ್ಲ, ಅಲ್ಲಿ."

"ಬಟ್ಟೆ ನೀನು ಬೇಕಂತಲೇ ಬಿಟ್ಟೆ."

"ನಾನು ಯಾವತ್ತಾದ್ರೂ ಏನಾದ್ರೂ ಬಿಟ್ಟು ಬಂದಿದೀನಾ?"

ಅದು ನಿಜ. ಹಾಗೆ ಕೇಳಬೇಕೆಂದೇ ಯಾರಿಗೂ ಹೊಳೆಯದಷ್ಟು ನಿಜ.

"ಮೈಕ್ ಏನಾದ್ರೂ ಮಾಡಿದ್ನಾ?"

"ಏನೂ ಇಲ್ಲ. ಅವನು ಏನು ಮಾಡ್ತಾನೆ ಪಾಪ." ವೆರೋನಾ ಕೈಗವಸು ಬಿಚ್ಚಿದಳು, ಮತ್ತೆ ಹಾಕಿಕೊಂಡಳು. "ಬೇಡ ಅಂದ್ರೆ ಯಾಕೆ ಅಂತಾರೆ. ಅಪ್ಪ ಕೇಳ್ತಾನೆ, ಫಾದರ್ ಕೇಳ್ತಾರೆ, ನಿಮ್ಮಮ್ಮ ದಿನಾ ಕೂತು ಕೇಳ್ತಾಳೆ. ಅವನಲ್ಲಿ ಏನು ತಪ್ಪು? ತಪ್ಪಿಲ್ಲ. ತಪ್ಪಿಲ್ದೇ ಇದ್ಮೇಲೆ ಬೇಡ ಅನ್ನೋಕೆ ನೀನ್ಯಾರು? ಟ್ರಾಮ್ ತಪ್ಪಿಸ್ಕೊಂಡ್ರೆ ಹಾಗಲ್ಲ. ಯಾಕೆ ಅಂತ ಯಾರೂ ಕೇಳಲ್ಲ."

"ಏನೇನೋ ಅಂದ್ರಲ್ಲ ತೇತಾ."

"ಅಂದ್ರು. ಎರಡು ವರ್ಷ ಅಂದ್ರು. ಮದುವೆ ಆಗಿದ್ರೆ ಐವತ್ತು ವರ್ಷ ಆಗ್ತಿತ್ತು."

ಒಬ್ಬ ಹೆಂಗಸು ಮಗುವನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿ ಅವರ ಮುಂದೆ ತಳ್ಳಿಕೊಂಡು ಹೋದಳು. ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು.

"ಏಳು ಮೈಲಿಗೆ ಅಷ್ಟು ಹೊತ್ತು ಹಿಡೀತಾ?"

"ಪ್ರತಿ ನಿಲ್ದಾಣದಲ್ಲೂ ಕೂತೆ. ಹದಿನಾಲ್ಕು ನಿಲ್ದಾಣ, ಹದಿನಾಲ್ಕು ಬೆಂಚು. ಬುಟ್ಟಿಯಿಂದ ಒಂದು ತುಂಡು ಗಸಗಸೆ ರೊಟ್ಟಿ ಜೇಬಿಗೆ ಹಾಕ್ಕೊಂಡಿದ್ದೆ. ಎಲ್ಲಾ ಬೆಂಚಲ್ಲೂ ಸ್ವಲ್ಪ ಸ್ವಲ್ಪ ತಿಂದೆ."

"ಅಷ್ಟೇನಾ?"

"ಅಷ್ಟೇ. ಇನ್ನೇನಾಗ್ಬೇಕಿತ್ತು?" ವೆರೋನಾ ಅವಳ ಕಡೆ ತಿರುಗಿದಳು. "ಅದು ಪುಸ್ತಕಕ್ಕಾ?"

"ನೀನು ಹೇಳಿದ ಹಾಗೆ. ಇದು ಬಂದ್ರೆ ಜನ ಅಂದದ್ದೆಲ್ಲ ಸುಳ್ಳು ಅಂತಾಗತ್ತೆ. ಓಲ್ಗಾ ಬಾಯಿ ಮುಚ್ಚತ್ತೆ."

"ಓಲ್ಗಾಗೆ ಆ ಬಾಯಿ ಬಿಟ್ರೆ ಮನೇಲಿ ಏನಿದೆ? ಇರ್ಲಿ ಬಿಡೇ." ಅವಳು ಹಾಳೆಯನ್ನು ಇನ್ನೊಂದು ಮಡಿಕೆ ಮಡಚಿ, ತನ್ನ ಕೈಚೀಲದೊಳಗೆ ಹಾಕಿ, ಕೊಂಡಿ ಒತ್ತಿದಳು. "ಹಳೇ ಕತೆನೇ ಹಾಕು. ಚೆನ್ನಾಗಿ ಹಾಕು. ನಲವತ್ತೊಂಬತ್ತು ವರ್ಷ ನನ್ನ ನೋಡ್ಕೊಂಡಿದೆ ಅದು."

ತೆಕ್ಲಾ ಕಾರು ಚಾಲೂ ಮಾಡಿದಳು. ಸೇತುವೆಯ ಹತ್ತಿರ ವೆರೋನಾ, ಕಿಟಕಿಯಾಚೆ ನೋಡುತ್ತಲೇ, "ಎಮಿಲ್ ಕಪಾಟು ಅಳೆದ್ನಂತೆ," ಎಂದಳು.

"ಯಾರು ಹೇಳಿದ್ರು?"

"ಅವನೇ. ಎಲ್ರಿಗೂ ಹೇಳ್ತಿದ್ದ. ಖುಷಿಯಾಗಿದ್ದ."

"ಕನ್ನಡಿ ಬಿಚ್ಬೇಕಂತೆ."

"ಹೌದಾ," ಎಂದಳು ವೆರೋನಾ.

*

ಸಂಜೆ ಇನ್ನೂ ಬೆಳಕಿರುವಾಗಲೇ ತೆಕ್ಲಾ ಟೈಪ್‌ರೈಟರ್ ಮುಂದೆ ಕೂತಳು. ಪಾರ್ಕಿನ ಪುಟಗಳು ಬೇಗ ಮುಗಿದವು. ತೋಪು, ಕುದುರೆಗಳು, ಖಾಲಿ ಮಾಡಿದ ಈಜುಕೊಳ, ಮೇಜುಬಟ್ಟೆಯ ಕಟ್ಟಳೆ. ಕೊನೆಗೆ ಹೀಗೆ ಬರೆದಳು: "ನಮ್ಮ ಇಗರ್ಜಿಯ ಕಡೆಯ ಗಾಡಿ ಒಂಬತ್ತಕ್ಕೆ ಹೊರಡುತ್ತಿತ್ತು. ಒಮ್ಮೆ ಮೇಜುಬಟ್ಟೆ ತರಲು ಹೋಗಿ ಅದನ್ನು ತಪ್ಪಿಸಿಕೊಂಡವರ ಕತೆ ಇಂದಿಗೂ ನಮ್ಮ ಪಿರೋಹಿ ಮೇಜಿನಲ್ಲಿ ನಡೆಯುತ್ತಿದೆ." ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಎರಡು ಸಲ ಓದಿ, ಅದನ್ನು ಖಚಿತ ಮಾಡಿಕೊಂಡು, ಹಾಳೆ ಎಳೆದಳು.

ಕುಟುಂಬಗಳ ಪಟ್ಟಿ ಉಳಿಯಿತು. ನೂರಾ ಹನ್ನೆರಡು ಮನೆಗಳು, ಮನೆತನದ ಹೆಸರಿನ ಅಕ್ಷರ ಕ್ರಮದಲ್ಲಿ. ಎ, ಬಿ, ಸಿ, ಡಿ ಮುಗಿಸಿ ಎಫ್‌ಗೆ ಬಂದಳು. ಫೆದೋರ್ ಇಬ್ಬರು. ಮುಂದಿನದು ಅವಳದೇ ಹೆಸರು, ಬೆರಳುಗಳು ನಿಂತವು.

ಎಮಿಲನಿಗೆ ಹೇಳಬೇಕಾದ ಮಾತು ಯಾವುದೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ತಪ್ಪಿಸಿಕೊಳ್ಳಲು ಅವಳಿಗೆ ಟ್ರಾಮಿರಲಿಲ್ಲ, ಬಿಟ್ಟು ಬರಲು ಬಟ್ಟೆಯಿರಲಿಲ್ಲ. ಅವನು ಯಾಕೆ ಎಂದು ಕೇಳುತ್ತಾನೆ. ಕೇಳುವ ಹಕ್ಕು ಅವನಿಗಿದೆ. ಓಲ್ಗಾ ಕೇಳುತ್ತಾಳೆ, ಫಾದರ್ ಕರೆಸಿ ಕೇಳುತ್ತಾರೆ. ಕೇಳಿದಾಗಲೆಲ್ಲ ಕಾರಣವಿಲ್ಲ ಎಂದೇ ಹೇಳಬೇಕಾಗುತ್ತದೆ, ಅವರು ದಣಿಯುವವರೆಗೆ. ಎಷ್ಟು ದಿನ ಕೇಳಿಯಾರು? ಎರಡು ವರ್ಷ. ಈಸ್ಟರಿಗೆ ಇನ್ನು ಮೂರು ವಾರವಿತ್ತು.

ಫೆದೊರ್ಚಾಕ್, ತೆಕ್ಲಾ ಎಂದು ಟೈಪ್ ಮಾಡಿದಳು. ಪಕ್ಕದಲ್ಲಿ ಈಗಿನ ಮನೆಯ ನಂಬರು, ಈಗಿನ ಬೀದಿ. ಜಿ, ಎಚ್ ಎಂದು ಮುಂದುವರಿದು, ಎಸ್‌ನಲ್ಲಿ ಸಾಬೊಲ್, ಎಮಿಲ್ ಎಂದು ಹಾಕಿ ಅಲ್ಲಿಗೇ ಸಾಲು ಮುಗಿಸಿದಳು. ಎಲ್ಲ ಹಾಳೆಗಳನ್ನು ಲಕೋಟೆಗೆ ತುಂಬಿ, ಅಂಟಿಸಿ, ಮುದ್ರಣಾಲಯದ ವಿಳಾಸ ಬರೆದು, ಬೆಳಿಗ್ಗೆ ಮರೆಯದಂತೆ ಬಾಗಿಲ ಪಕ್ಕದ ಕೋಟಿನ ಜೇಬಿಗೆ ಸಿಕ್ಕಿಸಿದಳು.

ಫೋನು ಒಮ್ಮೆ ರಿಂಗಾಯಿತು. ಓಲ್ಗಾ.

"ಪಟ್ಟಿ ಮುಗೀತಾ? ಎಲ್ಲಾ ಸರಿಯಾಗಿ ಹಾಕಿದೀಯಾ?"

"ಎಲ್ಲಾ ಸರಿಯಾಗಿ ಹಾಕಿದೀನಿ."

"ವೆರೋನಾ ಕತೆ?"

"ಹಾಕಿದೀನಿ."

"ನೋಡು, ನೀನಾದ್ರೆ ಹೇಳಿದ ಮಾತು ಕೇಳ್ತೀಯ," ಎಂದು ಓಲ್ಗಾ ಫೋನಿಟ್ಟಳು.

ತೆಕ್ಲಾ ಮಲಗುವ ಕೋಣೆಗೆ ಹೋಗಿ ಕಪಾಟಿನ ಹಿಂದಿನ ಧೂಳು ಗುಡಿಸಿದಳು. ಆಮೇಲೆ ಭುಜ ಕೊಟ್ಟು ಅದನ್ನು ಗೋಡೆಗೆ ತಳ್ಳಿದಳು. ಭಾರವಿತ್ತು, ಎರಡು ಸಲ ನಿಲ್ಲಿಸಬೇಕಾಯಿತು. ಮೂರನೆಯ ಸಲಕ್ಕೆ ಅದರ ಕಾಲುಗಳು ಕಾರ್ಪೆಟಿನಲ್ಲಿ ತಾವೇ ಮಾಡಿಕೊಂಡಿದ್ದ ಹಳೆಯ ಗುಳಿಗಳಿಗೆ ಇಳಿದವು.